ಸಾಕ್ಷ್ಯಾಧಾರಿತ ಶುಶ್ರೂಷೆ

ಸಾಕ್ಷ್ಯಾಧಾರಿತ ಶುಶ್ರೂಷೆ ಎಂದರೆ ಸಂಶೋಧನೆಯ ಪುರಾವೆ, ದಾದಿಯ ಅನುಭವ ಹಾಗೂ ರೋಗಿಯ ಇಚ್ಛೆ ಈ ಮೂರನ್ನೂ ಪರಿಗಣಿಸಿ ಆರೈಕೆಯ ಕ್ರಮವನ್ನು ನಿರ್ಧರಿಸುವ ಪದ್ಧತಿ.

ಇತಿಹಾಸ

ಇದರ ಮೂಲವನ್ನು ಫ್ಲಾರೆನ್ಸ್ ನೈಟಿಂಗೇಲ್ ಅವರ ಕಾರ್ಯದಲ್ಲಿ ಗುರುತಿಸಲಾಗುತ್ತದೆ. ಕ್ರಿಮಿಯಾ ಯುದ್ಧಕಾಲದಲ್ಲಿ, 1854ರ ನವೆಂಬರ್‌ನಲ್ಲಿ, ಅವರು 38 ದಾದಿಯರೊಡನೆ ಸ್ಕುಟಾರಿಯ ಸೇನಾ ಆಸ್ಪತ್ರೆಯನ್ನು ತಲುಪಿದರು. ಅಲ್ಲಿ ಗಾಯಗಳಿಗಿಂತ ಸಾಂಕ್ರಾಮಿಕ ರೋಗಗಳಿಂದ ಮಡಿದ ಸೈನಿಕರೇ ಹೆಚ್ಚು. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುಚಿಗೊಳಿಸಿ, ಗಾಳಿಯ ಸಂಚಾರವನ್ನು ಸುಧಾರಿಸಿದ ಬಳಿಕ ಸಾವುಗಳು ಬಹಳ ಕಡಿಮೆಯಾದವು. ಅವುಗಳಲ್ಲಿ ಬಹುಪಾಲು ತಡೆಯಬಹುದಾಗಿದ್ದವೆಂಬುದನ್ನು ನೈಟಿಂಗೇಲ್ 1858ರಲ್ಲಿ ವೃತ್ತಾಕಾರದ ನಕ್ಷೆಗಳ ಮೂಲಕ ತೋರಿಸಿದರು. ಅಮೆರಿಕದಲ್ಲಿ 1952ರಲ್ಲಿ 'ನರ್ಸಿಂಗ್ ರಿಸರ್ಚ್' ಪತ್ರಿಕೆ ಆರಂಭವಾಯಿತು.

ಹಂತಗಳು

ಮೊದಲು ಸ್ಪಷ್ಟವಾದ ಪ್ರಶ್ನೆಯನ್ನು ರೂಪಿಸಬೇಕು. ಅನಂತರ ಪ್ರಕಟಿತ ಅಧ್ಯಯನಗಳನ್ನು ಹುಡುಕಿ, ಅವುಗಳ ವಿಶ್ವಾಸಾರ್ಹತೆಯನ್ನು ಪರಿಶೀಲಿಸಿ, ಸೂಕ್ತವಾದುದನ್ನು ಅಳವಡಿಸಿ, ಫಲಿತಾಂಶವನ್ನು ಅಳೆಯಬೇಕು. ಚಿಕಿತ್ಸೆಯ ಪರಿಣಾಮವನ್ನು ತಿಳಿಯಲು ಯಾದೃಚ್ಛಿಕ ಪ್ರಯೋಗಗಳೂ, ನೋವು ಮತ್ತು ಭಯಗಳಂತಹ ಅನುಭವಗಳನ್ನು ತಿಳಿಯಲು ಗುಣಾತ್ಮಕ ಅಧ್ಯಯನಗಳೂ ನೆರವಾಗುತ್ತವೆ.

ಉದಾಹರಣೆ

ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಕೂದಲನ್ನು ರೇಜರ್‌ನಿಂದ ಬೋಳಿಸುವುದು ಬಹುಕಾಲದ ರೂಢಿಯಾಗಿತ್ತು. ಇದರಿಂದ ಚರ್ಮದಲ್ಲಿ ಸೂಕ್ಷ್ಮ ಗಾಯಗಳಾಗಿ ಸೋಂಕಿನ ಸಂಭವ ಹೆಚ್ಚುವುದನ್ನು ಅಧ್ಯಯನಗಳು ತೋರಿಸಿದವು. ಕೂದಲನ್ನು ತೆಗೆಯಬಾರದು, ಅನಿವಾರ್ಯವಾದರೆ ಕ್ಲಿಪ್ಪರ್‌ನಿಂದ ಮಾತ್ರ ಕತ್ತರಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಶಿಫಾರಸು ಮಾಡಿತು. ಸದುದ್ದೇಶದಿಂದ ನಡೆದುಬಂದ ರೂಢಿಯೂ ರೋಗಿಗೆ ಹಾನಿ ಮಾಡಬಹುದಾದ್ದರಿಂದ ಅದನ್ನೂ ಪರೀಕ್ಷೆಗೆ ಒಳಪಡಿಸುವುದು ಈ ಪದ್ಧತಿಯ ತಿರುಳು.