ಸವಾರಿ ಹಾಗೂ ಅಶ್ವಕ್ರೀಡೆಗಳಲ್ಲಿ ಕುದುರೆಗಳ ಯೋಗಕ್ಷೇಮ: ಮಾಲೀಕರು, ಸವಾರರು ಮತ್ತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕರ್ನಾಟಕಕ್ಕೂ ಕುದುರೆಗೂ ಇರುವ ನಂಟು ಹಳೆಯದು. ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿರುವ ಕುದುರೆ ಫಾರಂನ ಇತಿಹಾಸವು ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲಕ್ಕೆ ಹೋಗುತ್ತದೆ. ಮೈಸೂರು ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸ್ ಪಡೆಯ ಕುದುರೆಗಳನ್ನು ನಾಡಿನ ಜನರು ಪ್ರತಿವರ್ಷ ಕಾಣುತ್ತಾರೆ. ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಅವರು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಈವೆಂಟಿಂಗ್ ಸ್ಪರ್ಧೆಯಲ್ಲಿ ವೈಯಕ್ತಿಕ ಹಾಗೂ ತಂಡ ವಿಭಾಗಗಳೆರಡರಲ್ಲಿಯೂ ಬೆಳ್ಳಿ ಪದಕ ಗಳಿಸಿ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದೇಶವನ್ನು ಪ್ರತಿನಿಧಿಸಿದರು. ನಗರಗಳಲ್ಲಿ ಸವಾರಿ ಶಾಲೆಗಳಿದ್ದು, ಪ್ರವಾಸಿ ತಾಣಗಳಲ್ಲಿ ಮತ್ತು ಮದುವೆ ಮೆರವಣಿಗೆಗಳಲ್ಲಿಯೂ ಕುದುರೆಗಳನ್ನು ಬಳಸಲಾಗುತ್ತಿದೆ.

ಇವೆಲ್ಲದರಲ್ಲಿಯೂ ದುಡಿಯುವ ಪ್ರಾಣಿ ಒಂದೇ. ನಿಸರ್ಗದಲ್ಲಿ ಬೇಟೆಗೆ ಈಡಾಗುವ ಪ್ರಾಣಿಯಾದ ಕಾರಣ ಕುದುರೆಯು ನೋವನ್ನು ಹೊರಗೆ ತೋರಗೊಡದೆ ಅಡಗಿಸಿಕೊಳ್ಳುವ ಸ್ವಭಾವವುಳ್ಳದ್ದು. ನಾಯಿಯಂತೆ ಅದು ನೋವಿಗೆ ಕೂಗುವುದಿಲ್ಲ. ಕುಂಟುವ ಕಾಲಿನಲ್ಲಿಯೂ ಓಡುತ್ತದೆ. ಆದುದರಿಂದ ಕುದುರೆ ಓಡುತ್ತಿದೆ ಅಥವಾ ಗೆಲ್ಲುತ್ತಿದೆ ಎಂಬ ಕಾರಣದಿಂದಲೇ ಅದು ಕ್ಷೇಮವಾಗಿದೆ ಎಂದು ತೀರ್ಮಾನಿಸಲಾಗದು. ಅದರ ಪರವಾಗಿ "ಇಂದು ಸವಾರಿ ಬೇಡ" ಎಂದು ನಿರ್ಧರಿಸುವ ಹೊಣೆಯು ಮಾಲೀಕ ಮತ್ತು ಸವಾರರದ್ದಾಗಿರುತ್ತದೆ. ಈ ನಿರ್ಧಾರಕ್ಕೆ ಅಗತ್ಯವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಕಾನೂನಿನ ಅವಕಾಶಗಳು

1. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 3ನೇ ಪ್ರಕರಣದಂತೆ, ಪ್ರಾಣಿಯ ಪಾಲನೆಯ ಹೊಣೆ ಹೊತ್ತ ಪ್ರತಿಯೊಬ್ಬರೂ ಅದರ ಯೋಗಕ್ಷೇಮಕ್ಕೆ ಸೂಕ್ತ ಕ್ರಮಗಳನ್ನು ಕೈಗೊಳ್ಳತಕ್ಕದ್ದು.

2. ಸದರಿ ಅಧಿನಿಯಮದ 11ನೇ ಪ್ರಕರಣದ ಪ್ರಕಾರ ಪ್ರಾಣಿಯನ್ನು ಹೊಡೆಯುವುದು, ಒದೆಯುವುದು, ಮಿತಿಮೀರಿ ಸವಾರಿ ಮಾಡುವುದು ಹಾಗೂ ಮಿತಿಮೀರಿ ಭಾರ ಹೇರುವುದು ಅಪರಾಧವಾಗಿದೆ. ರೋಗ, ಗಾಯ ಅಥವಾ ಹುಣ್ಣಿನಿಂದ ಕೆಲಸಕ್ಕೆ ಅನರ್ಹವಾದ ಪ್ರಾಣಿಯನ್ನು ದುಡಿಸುವುದು ಹಾಗೂ ಹಾನಿಕರ ಔಷಧಿಯನ್ನು ಉದ್ದೇಶಪೂರ್ವಕವಾಗಿ ನೀಡುವುದು ಸಹ ಅಪರಾಧವೇ.

3. ಸವಾರಿ ಮಾಡಲು ಅಥವಾ ಪ್ರಾಣಿಯನ್ನು ಹತೋಟಿಯಲ್ಲಿಡಲು ಮುಳ್ಳುಗಳುಳ್ಳ ಕಡಿವಾಣ ಅಥವಾ ಚೂಪಾದ ಸಾಧನಗಳನ್ನು ಬಳಸುವುದನ್ನು 1965ರ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ನಿಯಮಗಳು ನಿಷೇಧಿಸಿವೆ.

4. ಟಿಕೆಟ್ ಮಾರಾಟದ ಮೂಲಕ ಸಾರ್ವಜನಿಕರಿಗೆ ಪ್ರವೇಶ ನೀಡುವ ಮನರಂಜನೆಗಳಲ್ಲಿ ಪ್ರಾಣಿಗಳನ್ನು ಪ್ರದರ್ಶಿಸಲು ಕಾನೂನಿನಂತೆ ನೋಂದಣಿ ಅಗತ್ಯ.

5. ಪ್ರಾಣಿಯನ್ನು ಕೊಲ್ಲುವುದು, ವಿಷವುಣಿಸುವುದು ಅಥವಾ ಅಂಗಹೀನಗೊಳಿಸುವುದು ಭಾರತೀಯ ನ್ಯಾಯ ಸಂಹಿತೆ, 2023ರ 325ನೇ ಪ್ರಕರಣದಡಿ 5 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧವಾಗಿದೆ.

1960ರ ಅಧಿನಿಯಮದ 11ನೇ ಪ್ರಕರಣದಡಿ ಮೊದಲ ಅಪರಾಧಕ್ಕೆ ವಿಧಿಸಲಾಗುವ ದಂಡವು 10ರಿಂದ 50 ರೂಪಾಯಿಗಳಷ್ಟೇ ಇದೆ. ದಂಡ ಅಲ್ಪವೆಂಬ ಕಾರಣಕ್ಕೆ ತಪ್ಪೂ ಅಲ್ಪವೆಂದು ಯಾರೂ ಭಾವಿಸಬಾರದು.

ಆರೋಗ್ಯವಂತ ಕುದುರೆಯ ಲಕ್ಷಣಗಳು

ವಿಶ್ರಾಂತಿಯಲ್ಲಿರುವ ವಯಸ್ಕ ಕುದುರೆಯಲ್ಲಿ ಸಾಮಾನ್ಯವಾಗಿ ಕಂಡುಬರುವ ಅಳತೆಗಳು ಈ ಕೆಳಕಂಡಂತಿವೆ.

- ದೇಹದ ಉಷ್ಣಾಂಶ: 37.5ರಿಂದ 38.5 ಡಿಗ್ರಿ ಸೆಲ್ಸಿಯಸ್
- ನಾಡಿ ಬಡಿತ: ನಿಮಿಷಕ್ಕೆ 28ರಿಂದ 44
- ಉಸಿರಾಟ: ನಿಮಿಷಕ್ಕೆ 8ರಿಂದ 16
- ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಮರಳಬೇಕು

ಪ್ರತಿಯೊಂದು ಕುದುರೆಯ ಅಳತೆಗಳನ್ನು ಅದು ಆರೋಗ್ಯವಾಗಿರುವಾಗಲೇ ಗುರುತು ಮಾಡಿ ಲಾಯದಲ್ಲಿ ಇಟ್ಟುಕೊಳ್ಳುವುದು ಸೂಕ್ತ. ಸಹಜ ಸ್ಥಿತಿಯನ್ನು ತಿಳಿದವರಿಗೆ ಮಾತ್ರ ಅಸಹಜ ಸ್ಥಿತಿ ಬೇಗ ಗೋಚರಿಸುತ್ತದೆ.

ನೋವನ್ನು ಗುರುತಿಸುವ ಬಗೆ

ನೋವಿನಲ್ಲಿರುವ ಕುದುರೆಯ ಮುಖವು ಬದಲಾಗುತ್ತದೆ. ಕಿವಿಗಳು ಬಿಗಿಯಾಗಿ ಹಿಂದಕ್ಕೆ ತಿರುಗುವುದು, ಕಣ್ಣಿನ ಮೇಲ್ಭಾಗ ಬಿಗಿಯುವುದು, ದವಡೆಯ ಸ್ನಾಯುಗಳು ಎದ್ದು ಕಾಣುವುದು, ಬಾಯಿ ಬಿಗಿಹಿಡಿದು ಗದ್ದ ಉಬ್ಬುವುದು, ಮೂಗಿನ ಹೊಳ್ಳೆಗಳು ಸೆಟೆದುಕೊಳ್ಳುವುದು ಇದರ ಚಿಹ್ನೆಗಳು. 2014ರಲ್ಲಿ ಪ್ರಕಟವಾದ ಕುದುರೆಗಳ ಮುಖಭಾವದ ಮಾಪಕವು ಇಂತಹ 6 ಚಿಹ್ನೆಗಳನ್ನು ಪಟ್ಟಿ ಮಾಡಿದೆ. ಸವಾರಿಯ ಸಮಯದಲ್ಲಿ ಗಮನಿಸಬೇಕಾದ 24 ವರ್ತನೆಗಳ ಮತ್ತೊಂದು ಪಟ್ಟಿಯು 2018ರಲ್ಲಿ ಪ್ರಕಟವಾಯಿತು. ಪದೇ ಪದೇ ಬಾಲ ಬೀಸುವುದು, ಬಾಯಿ ತೆರೆಯುವುದು, ತಲೆ ಕೊಡವುವುದು, ಮುಂದುವರಿಯಲು ನಿರಾಕರಿಸುವುದು ಇವುಗಳಲ್ಲಿ ಸೇರಿವೆ. 24ರ ಪೈಕಿ 8 ಅಥವಾ ಹೆಚ್ಚು ವರ್ತನೆಗಳು ಕಂಡುಬಂದಲ್ಲಿ ಕುದುರೆಗೆ ಮೂಳೆ ಅಥವಾ ಸ್ನಾಯುಗಳ ನೋವಿರುವ ಸಂಭವ ಹೆಚ್ಚು.

ಇಂತಹ ವರ್ತನೆಗಳನ್ನು ಹಟಮಾರಿತನವೆಂದು ತಿಳಿದು ಚಾವಟಿಯಿಂದ ಸರಿಪಡಿಸಲು ಹೊರಡುವುದು ಬಹು ಸಾಮಾನ್ಯವಾದ ತಪ್ಪು. ಶಿಕ್ಷೆಗೆ ಮುನ್ನ ಬೆನ್ನು, ಬಾಯಿ, ಕಾಲು ಮತ್ತು ತಡಿಯನ್ನು ಪರೀಕ್ಷಿಸಬೇಕು. ನೋವು ನಿವಾರಕ ಔಷಧಿ ನೀಡಿ ಸವಾರಿ ಮುಂದುವರಿಸುವುದು ಇನ್ನೂ ಅಪಾಯಕರ. ಔಷಧಿಯು ನೋವನ್ನು ಮರೆಸುತ್ತದೆ. ಗಾಯವು ಬೆಳೆಯುತ್ತಲೇ ಇರುತ್ತದೆ.

ಆಹಾರ ಮತ್ತು ನೀರು

ಕುದುರೆಯ ಜಠರವು ದೇಹದ ಗಾತ್ರಕ್ಕೆ ಹೋಲಿಸಿದಲ್ಲಿ ಚಿಕ್ಕದು. ಅದರಲ್ಲಿ ಆಮ್ಲವು ದಿನವಿಡೀ ಸ್ರವಿಸುತ್ತದೆ. ಆಮ್ಲವನ್ನು ತಗ್ಗಿಸುವ ಜೊಲ್ಲು ಮೇವನ್ನು ಅಗಿಯುವಾಗ ಮಾತ್ರ ಉತ್ಪತ್ತಿಯಾಗುತ್ತದೆ. ಆದ್ದರಿಂದ ಗಂಟೆಗಟ್ಟಲೆ ಮೇವಿಲ್ಲದೆ ನಿಂತ ಕುದುರೆಯಲ್ಲಿ ಜಠರದ ಹುಣ್ಣು ಉಂಟಾಗುತ್ತದೆ. ಪಾಲಿಸಬೇಕಾದ ಕ್ರಮಗಳು:

- 500 ಕಿ.ಗ್ರಾಂ ತೂಕದ ಕುದುರೆಗೆ ದಿನಕ್ಕೆ ಸುಮಾರು 10 ಕಿ.ಗ್ರಾಂ ಒಣ ಪದಾರ್ಥ ಬೇಕು. ಇದರಲ್ಲಿ ಕನಿಷ್ಠ 7.5 ಕಿ.ಗ್ರಾಂ ಹುಲ್ಲು ಅಥವಾ ಮೇವಿನ ರೂಪದಲ್ಲಿರಬೇಕು.
- ಹುರುಳಿ, ಓಟ್ಸ್ ಮುಂತಾದ ಧಾನ್ಯಗಳನ್ನು ಒಂದು ಬಾರಿಗೆ 2 ಕಿ.ಗ್ರಾಂಗೆ ಮೀರದಂತೆ ಹಂಚಿ ಕೊಡಬೇಕು. ಕೆಲಸವಿಲ್ಲದ ದಿನ ಧಾನ್ಯವನ್ನು ಕಡಿಮೆ ಮಾಡಬೇಕು. ಇಲ್ಲವಾದಲ್ಲಿ ಮರುದಿನದ ಸವಾರಿಯಲ್ಲಿ ಸ್ನಾಯುಗಳು ಸೆಟೆದು ಹಾನಿಗೊಳಗಾಗುವ ಸಂಭವವಿದೆ.
- ಸವಾರಿಗೆ ಮೊದಲು ಸ್ವಲ್ಪ ಹುಲ್ಲು ನೀಡುವುದರಿಂದ ಆಮ್ಲವು ಜಠರದ ಮೇಲ್ಭಾಗಕ್ಕೆ ಚಿಮ್ಮುವುದು ತಗ್ಗುತ್ತದೆ.
- ಶುದ್ಧ ನೀರು ಸದಾ ದೊರೆಯುವಂತಿರಬೇಕು. ವಿಶ್ರಾಂತಿಯಲ್ಲಿಯೂ ದಿನಕ್ಕೆ 25 ಲೀಟರ್‌ಗಿಂತ ಹೆಚ್ಚು ಬೇಕಾಗಬಹುದು. ಬೇಸಿಗೆಯಲ್ಲಿ ದುಡಿಯುವ ಕುದುರೆಗೆ ಇದರ ದುಪ್ಪಟ್ಟು ಅಗತ್ಯವಾಗಬಹುದು.
- ಆಹಾರವನ್ನು ಬದಲಿಸಬೇಕಾದಲ್ಲಿ ಒಂದು ವಾರದಿಂದ ಹತ್ತು ದಿನಗಳ ಅವಧಿಯಲ್ಲಿ ಹಂತಹಂತವಾಗಿ ಬದಲಿಸಬೇಕು.

ಕುದುರೆಯು ವಾಂತಿ ಮಾಡಲಾರದು. ನೆಲವನ್ನು ಕೆರೆಯುವುದು, ಪಕ್ಕೆಯನ್ನು ತಿರುಗಿ ತಿರುಗಿ ನೋಡುವುದು, ಉರುಳಾಡುವುದು, ಬೆವರುವುದು, ಲದ್ದಿ ನಿಲ್ಲುವುದು ಹೊಟ್ಟೆಶೂಲೆಯ ಲಕ್ಷಣಗಳು. ಹೊಟ್ಟೆಶೂಲೆಯು ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕವಾಗಬಹುದಾದ ಕಾರಣ ಆಹಾರವನ್ನು ನಿಲ್ಲಿಸಿ ಪಶುವೈದ್ಯರನ್ನು ಕೂಡಲೇ ಕರೆಸತಕ್ಕದ್ದು.

ಸವಾರನ ತೂಕ

ಸವಾರ, ತಡಿ ಮತ್ತು ಇತರ ಸಾಮಗ್ರಿಗಳ ಒಟ್ಟು ತೂಕವು ಕುದುರೆಯ ತೂಕದ ಶೇ. 20ನ್ನು ಮೀರಬಾರದೆಂಬುದು ರೂಢಿಯಲ್ಲಿರುವ ಮಾರ್ಗಸೂಚಿ. ತೂಕದ ಯಂತ್ರವಿಲ್ಲದಿದ್ದಲ್ಲಿ ಅಳತೆ ಪಟ್ಟಿಯಿಂದ ಅಂದಾಜು ಮಾಡಬಹುದು. ಮುಂಗಾಲುಗಳ ಹಿಂಭಾಗದಲ್ಲಿ ಎದೆಯ ಸುತ್ತಳತೆಯನ್ನು ಸೆಂ.ಮೀ.ನಲ್ಲಿ ಅಳೆದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದ ಮೊತ್ತವನ್ನು ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಬೇಕು. ಉತ್ತರವು ಕಿ.ಗ್ರಾಂನಲ್ಲಿ ದೊರೆಯುತ್ತದೆ.

ಉದಾಹರಣೆಗೆ, ಸುತ್ತಳತೆ 180 ಮತ್ತು ಉದ್ದ 160 ಸೆಂ.ಮೀ. ಇರುವ ಕುದುರೆಯ ತೂಕ ಸುಮಾರು 436 ಕಿ.ಗ್ರಾಂ, ಅದು ಹೊರಬಹುದಾದ ಗರಿಷ್ಠ ಭಾರ ಸುಮಾರು 87 ಕಿ.ಗ್ರಾಂ. ಸುತ್ತಳತೆ 140 ಮತ್ತು ಉದ್ದ 120 ಸೆಂ.ಮೀ. ಇರುವ ತಟ್ಟುವಿನ ತೂಕ ಸುಮಾರು 198 ಕಿ.ಗ್ರಾಂ, ಅದಕ್ಕೆ 40 ಕಿ.ಗ್ರಾಂ ಗರಿಷ್ಠ. ಅಂದರೆ, ಪ್ರವಾಸಿ ತಾಣಗಳಲ್ಲಿ ಸಣ್ಣ ತಟ್ಟುವಿನ ಮೇಲೆ ವಯಸ್ಕರು ಕುಳಿತುಕೊಳ್ಳುವುದು ಈ ಮಿತಿಯನ್ನು ಬಹುತೇಕ ಮೀರಿದಂತೆಯೇ ಆಗುತ್ತದೆ. ಬಡಕಲಾದ, ಮುದಿಯಾದ, ಗರ್ಭ ಧರಿಸಿದ ಅಥವಾ ಕುಂಟುವ ಪ್ರಾಣಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಬೆನ್ನುಮೂಳೆಯ ಬೆಳವಣಿಗೆ ಪೂರ್ಣಗೊಳ್ಳಲು 5 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುವುದರಿಂದ ಎಳೆಯ ಕುದುರೆಗಳ ಮೇಲೆ ಭಾರವನ್ನು ಮಿತವಾಗಿ, ಕ್ರಮೇಣವಾಗಿ ಹಾಕಬೇಕು.

ತಡಿ, ಕಡಿವಾಣ ಮತ್ತು ಮೂಗುಪಟ್ಟಿ

ತಡಿಯು ಬೆನ್ನುಮೂಳೆಯ ಮೇಲೆ ಒತ್ತದೆ, ಭಾರವನ್ನು ಎರಡೂ ಬದಿಯ ಸ್ನಾಯುಗಳ ಮೇಲೆ ಸಮನಾಗಿ ಹಂಚಬೇಕು. ತಡಿ ತೆಗೆದಾಗ ಬೆವರಿನ ನಡುವೆ ಒಣಗಿದ ತೇಪೆಗಳು ಕಂಡುಬಂದಲ್ಲಿ ಅಲ್ಲಿ ಹೆಚ್ಚಿನ ಒತ್ತಡ ಬೀಳುತ್ತಿರುವ ಸಂಭವವಿದೆ. ತಡಿಯ ಜಾಗದಲ್ಲಿ ಬಿಳಿ ಕೂದಲು ಬೆಳೆದಿದ್ದಲ್ಲಿ ಅದು ಹಿಂದಿನ ಗಾಯದ ಗುರುತು. ಒಂದೇ ತಡಿಯನ್ನು ಎಲ್ಲ ಕುದುರೆಗಳಿಗೂ ಬಳಸಬಾರದು. ಮೂಗುಪಟ್ಟಿಯ ಕೆಳಗೆ, ಮೂಗಿನ ಮೂಳೆಯ ಮೇಲೆ, ಎರಡು ಬೆರಳು ಸರಾಗವಾಗಿ ಹಿಡಿಸುವಷ್ಟು ಸಡಿಲವಿರಬೇಕು. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು 2025ರಿಂದ ಸ್ಪರ್ಧೆಗಳಲ್ಲಿ ಇದನ್ನು ಅಳೆಯಲು ಪ್ರತ್ಯೇಕ ಸಾಧನವನ್ನು ಜಾರಿಗೆ ತಂದಿದೆ. ಬಾಯಿಯ ಅಂಚು, ನಾಲಗೆ ಮತ್ತು ಒಸಡುಗಳನ್ನು ಪ್ರತಿ ಸವಾರಿಯ ನಂತರ ನೋಡಬೇಕು.

ಬಿಸಿಲಿನ ತಾಪ

ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳನ್ನು ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಪ್ರದೇಶಗಳಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ದುಡಿಸಬಾರದೆಂದು 1965ರ ನಿಯಮಗಳು ತಿಳಿಸುತ್ತವೆ. ಸವಾರಿ ಕುದುರೆಗಳಿಗೂ ಇದನ್ನೇ ಪಾಲಿಸುವುದು ಒಳಿತು. ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳಲ್ಲಿ ಬೇಸಿಗೆಯ ಸವಾರಿಯನ್ನು ಮುಂಜಾನೆಗೆ ಸೀಮಿತಗೊಳಿಸಬೇಕು. ದಣಿದು ಬಿಸಿಯಾದ ಕುದುರೆಯ ಮೇಲೆ ತಣ್ಣೀರು ಹಾಕಬಾರದೆಂಬ ಹಳೆಯ ನಂಬಿಕೆ ಸರಿಯಲ್ಲ. ನೆರಳಿಗೆ ತಂದು, ಮೈಮೇಲೆಲ್ಲ ತಣ್ಣೀರನ್ನು ಬಿಡದೆ ಸುರಿಯುವುದೇ ಪರಿಣಾಮಕಾರಿ ಕ್ರಮ. ಕುಡಿಯಲೂ ನೀರು ಕೊಡಬೇಕು.

ಗೊರಸು, ಹಲ್ಲು ಮತ್ತು ರೋಗ ನಿಯಂತ್ರಣ

ಗೊರಸುಗಳನ್ನು ಪ್ರತಿದಿನ ಶುಚಿಗೊಳಿಸಿ, 6ರಿಂದ 8 ವಾರಗಳಿಗೊಮ್ಮೆ ಕತ್ತರಿಸಿ ಸರಿಪಡಿಸಬೇಕು ಅಥವಾ ಲಾಳವನ್ನು ಬದಲಿಸಬೇಕು. ಹಲ್ಲುಗಳನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಧನುರ್ವಾಯು, ರೇಬಿಸ್ ಮತ್ತು ಕುದುರೆ ಇನ್‌ಫ್ಲೂಯೆಂಜಾ ವಿರುದ್ಧ ಲಸಿಕೆಗಳನ್ನು ಪಶುವೈದ್ಯರ ಸಲಹೆಯಂತೆ ಹಾಕಿಸಬೇಕು. ಭಾರತದಲ್ಲಿ ಕುದುರೆ ಇನ್‌ಫ್ಲೂಯೆಂಜಾ 1987ರಲ್ಲಿ ಹಾಗೂ 2008-09ರಲ್ಲಿ ವ್ಯಾಪಕವಾಗಿ ಹರಡಿತ್ತು.

ಗ್ಲ್ಯಾಂಡರ್ಸ್ ರೋಗವು ಕುದುರೆಯಿಂದ ಮನುಷ್ಯರಿಗೂ ತಗಲುವ ಮಾರಕ ಸೋಂಕು. ಮೂಗಿನಿಂದ ಅಂಟಾದ ಸ್ರಾವ, ಚರ್ಮದ ಮೇಲೆ ಗಂಟು ಮತ್ತು ಹುಣ್ಣುಗಳು ಕಂಡುಬಂದಲ್ಲಿ ಪ್ರಾಣಿಯನ್ನು ಪ್ರತ್ಯೇಕಿಸಿ, ಗ್ರಾಮಾಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಗೆ ವರದಿ ಮಾಡುವುದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಅಧಿನಿಯಮದಡಿ ಮಾಲೀಕರ ಕರ್ತವ್ಯವಾಗಿದೆ.

ಲಾಯ ಮತ್ತು ಸಹವಾಸ

ಕುದುರೆಯು ಗುಂಪಿನಲ್ಲಿ ಬಾಳುವ, ದಿನದ ಬಹುಭಾಗ ನಡೆದಾಡುತ್ತ ಮೇಯುವ ಪ್ರಾಣಿ. ದಿನದ 23 ಗಂಟೆ ಒಂಟಿಯಾಗಿ ಲಾಯದಲ್ಲಿ ನಿಂತು ಒಂದು ಗಂಟೆ ಕಠಿಣ ಸವಾರಿಗೆ ಹೊರಡುವ ಕುದುರೆಯು ಮರ ಕಚ್ಚುವ, ಒಂದೇ ಸಮನೆ ತೂಗಾಡುವ ಚಟಗಳಿಗೆ ಬೀಳುವ ಸಂಭವವಿದೆ. ಪ್ರತಿದಿನ ಬಯಲಿನಲ್ಲಿ ಬಿಡುವುದು, ಬೇರೆ ಕುದುರೆ ಕಣ್ಣಿಗೆ ಕಾಣುವಂತೆ ಕಟ್ಟುವುದು, ಒಣಗಿದ ಹಾಸು ಮತ್ತು ಗಾಳಿ ಬೆಳಕಿನ ವ್ಯವಸ್ಥೆ ಮಾಡುವುದು ಅಗತ್ಯ.

ಸ್ಪರ್ಧೆಗಳಿಂದ ಕಲಿಯಬೇಕಾದ ಪಾಠ

ಟೋಕಿಯೊ ಒಲಿಂಪಿಕ್ಸ್‌ನ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಸ್ಪರ್ಧಿಗಳಿಗೆ ಚೀಟಿ ಎತ್ತಿ ಅಪರಿಚಿತ ಕುದುರೆಗಳನ್ನು ನೀಡಲಾಗಿತ್ತು. ಪರಿಚಯಕ್ಕೆ ದೊರೆತದ್ದು 20 ನಿಮಿಷ ಮಾತ್ರ. ಅಡೆತಡೆಗಳನ್ನು ಹಾರಲು ನಿರಾಕರಿಸಿದ ಒಂದು ಕುದುರೆಗೆ ತರಬೇತುದಾರರೊಬ್ಬರು ಮುಷ್ಟಿಯಿಂದ ಹೊಡೆದುದು ಜಗತ್ತಿನಾದ್ಯಂತ ಖಂಡನೆಗೆ ಗುರಿಯಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್ ನಂತರ ಆ ಕ್ರೀಡೆಯಿಂದ ಕುದುರೆ ಸವಾರಿಯನ್ನೇ ಕೈಬಿಡಲಾಯಿತು. ಕುದುರೆಯ ನಿರಾಕರಣೆಯನ್ನು ಕೇಳಿಸಿಕೊಳ್ಳದ ಕ್ರೀಡೆಯು ಕುದುರೆಯನ್ನೇ ಕಳೆದುಕೊಳ್ಳುತ್ತದೆ ಎಂಬುದಕ್ಕೆ ಇದು ನಿದರ್ಶನ.

ದೂರಗಾಮಿ ಎಂಡ್ಯೂರೆನ್ಸ್ ಸ್ಪರ್ಧೆಗಳಲ್ಲಿ ಇದಕ್ಕೆ ಭಿನ್ನವಾದ ಕ್ರಮವಿದೆ. ಪ್ರತಿ ಹಂತದ ನಂತರ ನಿಗದಿತ ಅವಧಿಯೊಳಗೆ ಹೃದಯ ಬಡಿತವು ನಿಮಿಷಕ್ಕೆ 64ಕ್ಕೆ ಇಳಿಯದಿದ್ದಲ್ಲಿ ಅಥವಾ ಕುದುರೆ ಕುಂಟಿದಲ್ಲಿ ಪಶುವೈದ್ಯರು ಅದನ್ನು ಸ್ಪರ್ಧೆಯಿಂದ ಹೊರಗಿಡುತ್ತಾರೆ. ಎಷ್ಟೇ ಮುಂದಿದ್ದರೂ ಸವಾರನ ಮಾತು ಅಲ್ಲಿ ನಡೆಯದು. ಸ್ಥಳೀಯ ಸ್ಪರ್ಧೆಗಳ ಆಯೋಜಕರೂ ಪಶುವೈದ್ಯರಿಗೆ ಇಂತಹ ಅಧಿಕಾರವನ್ನು ನೀಡುವುದು ಅಪೇಕ್ಷಣೀಯ.

ಸವಾರಿಗೆ ಮುನ್ನ ಪರಿಶೀಲನೆ

1. ನಿನ್ನೆಯ ಮೇವನ್ನು ತಿಂದು, ನೀರು ಕುಡಿದಿದೆಯೇ? ಲದ್ದಿ ಸಹಜವಾಗಿದೆಯೇ?
2. ನಾಲ್ಕೂ ಕಾಲುಗಳಲ್ಲಿ ಬಿಸಿ, ಬಾವು ಅಥವಾ ಗಾಯ ಇದೆಯೇ?
3. ಗಟ್ಟಿ ನೆಲದ ಮೇಲೆ ನಡೆಸಿದಾಗ ಹೆಜ್ಜೆ ಸಮನಾಗಿದೆಯೇ?
4. ಬೆನ್ನನ್ನು ಕೈಯಿಂದ ಸವರಿದಾಗ ಕುಗ್ಗುತ್ತದೆಯೇ?
5. ತಡಿ ಹಾಕುವಾಗ ಕಚ್ಚಲು ಬರುವುದು, ಕಿವಿ ಮಡಚುವುದು ಹೊಸದಾಗಿ ಆರಂಭವಾಗಿದೆಯೇ?

ಇವುಗಳಲ್ಲಿ ಒಂದರಲ್ಲಿಯೂ ಸಂಶಯವಿದ್ದಲ್ಲಿ ಅಂದು ಸವಾರಿಯನ್ನು ಕೈಬಿಡತಕ್ಕದ್ದು. ಇಡೀ ಪರಿಶೀಲನೆಗೆ 10 ನಿಮಿಷ ಸಾಕು.

ನಿವೃತ್ತಿ ಮತ್ತು ಸಾರ್ವಜನಿಕರ ಪಾತ್ರ

ಕುದುರೆಯು 25 ವರ್ಷಗಳಿಗೂ ಮೇಲ್ಪಟ್ಟು ಬದುಕಬಲ್ಲದು. ಪಂದ್ಯದಲ್ಲಿ ಓಡುವ ಕಾಲ ಅದರಲ್ಲಿ ಕೆಲವೇ ವರ್ಷ. ಉಳಿದ ಆಯುಷ್ಯದ ಪಾಲನೆಯ ವೆಚ್ಚವನ್ನು ಕುದುರೆಯನ್ನು ಕೊಳ್ಳುವಾಗಲೇ ಲೆಕ್ಕ ಹಾಕಬೇಕು. ಕೆಲಸಕ್ಕೆ ಬಾರದೆಂದು ರಸ್ತೆಗೆ ಬಿಡುವುದು ಕಾನೂನಿನಂತೆ ಅಪರಾಧ.

ಸಾರ್ವಜನಿಕರು ಮೆರವಣಿಗೆಗೆ ಅಥವಾ ಮಕ್ಕಳ ಸವಾರಿಗೆ ಕುದುರೆಯನ್ನು ಬಾಡಿಗೆಗೆ ಪಡೆಯುವಾಗ ಅದರ ಬೆನ್ನು ಮತ್ತು ಕಾಲುಗಳನ್ನು ಒಮ್ಮೆ ನೋಡಬೇಕು. ಹುಣ್ಣಿರುವ, ಎಲುಬು ಕಾಣುವ ಅಥವಾ ಕುಂಟುವ ಕುದುರೆಯನ್ನು ನಿರಾಕರಿಸಬೇಕು. ಅನಾರೋಗ್ಯ ಕಂಡುಬಂದಲ್ಲಿ ಸಮೀಪದ ಪಶು ಆಸ್ಪತ್ರೆಯನ್ನು ಅಥವಾ ಸಂಚಾರಿ ಪಶುಚಿಕಿತ್ಸಾ ಘಟಕದ ಶುಲ್ಕರಹಿತ ದೂರವಾಣಿ ಸಂಖ್ಯೆ 1962ನ್ನು ಸಂಪರ್ಕಿಸಬಹುದಾಗಿದೆ. ಕ್ರೌರ್ಯ ಕಂಡುಬಂದಲ್ಲಿ ಸಮೀಪದ ಪೊಲೀಸ್ ಠಾಣೆಗೆ ದೂರು ನೀಡಬಹುದಾಗಿದೆ.

ಕುದುರೆಯು ತನ್ನ ಬೆನ್ನನ್ನು ಮನುಷ್ಯನಿಗೆ ಒಪ್ಪಿಸಿದೆ. ಆ ಬೆನ್ನನ್ನು ಏರುವ ಮುನ್ನ ಒಮ್ಮೆ ಪರೀಕ್ಷಿಸುವುದು ಪ್ರತಿಯೊಬ್ಬ ಸವಾರನ ಮೊದಲ ಕರ್ತವ್ಯವಾಗಿದೆ.