ಎಪ್ಪತ್ತರ ದಶಕದ ಚಿತ್ರಗಳೂ ತಾರತಮ್ಯದ ವಾದವೂ

ಚಲಚ್ಚಿತ್ರಪ್ರಿಯರಾದ ನಾಲ್ಕು ಮಂದಿ ಒಂದೆಡೆ ಕಲೆತರೆ, ಕನ್ನಡ ಚಿತ್ರಗಳಿಗೆ ಯಾವ ದಶಕವು ಸುವರ್ಣಕಾಲವಾಗಿದ್ದಿತು ಎಂಬ ಪ್ರಶ್ನೆ ಹುಟ್ಟದೆ ಇರದು. 1970ರಿಂದ 1979ರ ವರೆಗಿನ ಹತ್ತು ವರ್ಷಗಳೇ ಎಂದು ಅವರಲ್ಲಿ ಬಹುಮಂದಿ ಒಪ್ಪುವುದುಂಟು. ಆದರೆ ಆ ಒಮ್ಮತವು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಹತ್ತು ವರ್ಷಗಳಲ್ಲಿ ಮೊದಲನೆಯ ಸ್ಥಾನ ಯಾವ ಚಿತ್ರಕ್ಕೆ, ಎರಡನೆಯದು ಯಾವುದಕ್ಕೆ ಎಂದು ಕೇಳಿದೊಡನೆ ಸಭೆಯು ಎರಡು ಪಕ್ಷವಾಗುವುದು. ಒಬ್ಬರು “ಸಂಸ್ಕಾರ”ವೆನ್ನುವರು, ಇನ್ನೊಬ್ಬರು “ಬಂಗಾರದ ಮನುಷ್ಯ”ವೆನ್ನುವರು. ಒಂದು ಪಕ್ಷದವರ ಪಟ್ಟಿಯಲ್ಲಿರುವ ಹೆಸರು ಮತ್ತೊಂದು ಪಕ್ಷದವರ ಪಟ್ಟಿಯಲ್ಲಿ ಕಾಣುವುದೇ ಅಪೂರ್ವ. ಈ ಭೇದವು ಹೇಗೆ ಬಂದಿತು, ಅದು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲನೆಯ ಪಕ್ಷದವರ ಅಳತೆಗೋಲು ಪ್ರಶಸ್ತಿ. ಯು. ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಚಿತ್ರವನ್ನಾಗಿ ಮಾಡಿದರು. ಒಂದು ಸಮಾಜದವರ ಮನಸ್ಸಿಗೆ ನೋವಾದೀತೆಂಬ ಆಶಂಕೆಯಿಂದ ಮದರಾಸಿನ ಸೆನ್ಸಾರ್ ಮಂಡಳಿಯು ಅದನ್ನು ಮೊದಲು ತಡೆಯಿತು. ತಡೆ ತೆರವಾದ ಬಳಿಕ ಅದೇ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ರಾಷ್ಟ್ರಪತಿಗಳ ಸುವರ್ಣಪದಕವು ಬಂದಿತು. ಕನ್ನಡಕ್ಕೆ ಆ ಗೌರವವು ದೊರೆತುದು ಅದೇ ಮೊದಲು. 1971ರ “ವಂಶವೃಕ್ಷ”ಕ್ಕಾಗಿ ಬಿ. ವಿ. ಕಾರಂತರೂ ಗಿರೀಶ ಕಾರ್ನಾಡರೂ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡರು. ಕಾರಂತರ “ಚೋಮನ ದುಡಿ” 1975ಕ್ಕೆ, ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರವಾದ “ಘಟಶ್ರಾದ್ಧ” 1977ಕ್ಕೆ, ದೇಶದ ಅತ್ಯುತ್ತಮ ಚಿತ್ರಗಳೆಂದು ಎಣಿಸಲ್ಪಟ್ಟುವು. ಒಂದೇ ದಶಕದಲ್ಲಿ ಮೂರು ಬಾರಿ ಈ ಪ್ರಶಸ್ತಿಯನ್ನು ಪಡೆದುದು ಸಾಮಾನ್ಯ ವಿಷಯವಲ್ಲವಷ್ಟೆ.

ಎರಡನೆಯ ಪಕ್ಷದವರ ಅಳತೆಗೋಲು ಜನಾದರ. ಸಿದ್ಧಲಿಂಗಯ್ಯನವರು ನಿರ್ದೇಶಿಸಿ ರಾಜ್‌ಕುಮಾರರು ಅಭಿನಯಿಸಿದ “ಬಂಗಾರದ ಮನುಷ್ಯ” 1972ರಲ್ಲಿ ತೆರೆಕಂಡು, ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಒಂದು ವರ್ಷಕ್ಕೂ ಮಿಗಿಲಾಗಿ ನಡೆಯಿತು. ಅದೇ ವರ್ಷ ಪುಟ್ಟಣ್ಣ ಕಣಗಾಲರ “ನಾಗರಹಾವು” ಬಂದು, ಚಿತ್ರದುರ್ಗದ ಕೋಟೆಯ ಕಲ್ಲುಬಂಡೆಗಳನ್ನು ನಾಡಿನ ಮನೆಮನೆಯ ನೆನಪಿಗೆ ಸೇರಿಸಿತು. ಈ ಆದರವು ಆ ಕಾಲಕ್ಕೆ ಮಾತ್ರ ಸೀಮಿತವಾದುದೆಂದು ಹೇಳುವಂತಿಲ್ಲ. 1971ರ ಕಪ್ಪುಬಿಳುಪಿನ “ಕಸ್ತೂರಿ ನಿವಾಸ”ಕ್ಕೆ ಬಣ್ಣವನ್ನು ತುಂಬಿ 2014ರಲ್ಲಿ ಮರಳಿ ತೆರೆಗೆ ತಂದಾಗ ಜನರು ಹಣ ಕೊಟ್ಟು ಹೋಗಿ ನೋಡಿದರು. 2018ರಲ್ಲಿ “ನಾಗರಹಾವು” ಹೊಸ ರೂಪದಲ್ಲಿ ಮರಳಿ ಬಿಡುಗಡೆಯಾಯಿತು.

ಮೊದಲನೆಯ ಪಕ್ಷವನ್ನು ಬಲಪಡಿಸಿದ ಮತ್ತೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. 1971ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರ ಫಿಲ್ಮ್ ಸೊಸೈಟಿಯೂ, 1973ರಲ್ಲಿ ಕೆ. ವಿ. ಸುಬ್ಬಣ್ಣನವರ ಪ್ರಯತ್ನದಿಂದ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜವೂ ಹುಟ್ಟಿದುವು. ಅಡಕೆಯ ತೋಟಗಳ ನಡುವಿನ ಒಂದು ಹಳ್ಳಿಯಲ್ಲಿ ದೇಶವಿದೇಶಗಳ ಚಿತ್ರಗಳನ್ನು ನೋಡಿ, ನೋಡಿದುದನ್ನು ಚರ್ಚಿಸುವ ಅಭ್ಯಾಸವು ಬೆಳೆಯಿತು. ಚಿತ್ರವೂ ಕಾವ್ಯನಾಟಕಗಳಂತೆ ವಿಮರ್ಶೆಗೆ ಅರ್ಹವಾದುದೆಂಬ ತಿಳಿವಳಿಕೆಯನ್ನು ಇಂತಹ ಸಂಸ್ಥೆಗಳು ನಾಡಿಗೆ ಕೊಟ್ಟುವು. ಅದು ದೊಡ್ಡ ಉಪಕಾರ. ಆದರೆ ವಿಮರ್ಶೆಗೆ ಒಂದು ಬಗೆಯ ಚಿತ್ರ, ಸಂತೋಷಕ್ಕೆ ಇನ್ನೊಂದು ಬಗೆಯ ಚಿತ್ರ ಎಂಬ ಭಾವನೆಯೂ ಅದರೊಡನೆಯೇ ಬೇರೂರಿತು. “ಕಲಾತ್ಮಕ”, “ವ್ಯಾಪಾರಿ” ಎಂಬ ಎರಡು ಹೆಸರುಗಳು ರೂಢಿಗೆ ಬಂದುವು.

ಹೆಸರುಗಳು ಎರಡಾದರೂ, ಚಿತ್ರಗಳನ್ನು ಮಾಡಿದವರನ್ನೂ ಅವುಗಳ ಮೂಲವನ್ನೂ ನೋಡಿದರೆ ಈ ವಿಭಾಗವು ನಿಲ್ಲುವುದಿಲ್ಲ. ತ. ರಾ. ಸುಬ್ಬರಾಯರ ಕಾದಂಬರಿಗಳಿಂದ “ನಾಗರಹಾವು” ಹುಟ್ಟಿತು. ಅವರದೇ ಕಾದಂಬರಿಯಿಂದ ಜಿ. ವಿ. ಅಯ್ಯರರ “ಹಂಸಗೀತೆ”ಯೂ 1975ರಲ್ಲಿ ಹುಟ್ಟಿತು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಗಳಲ್ಲಿ ಒಂದು 1973ರಲ್ಲಿ ಕಾರ್ನಾಡರ “ಕಾಡು” ಆಯಿತು, ಇನ್ನೊಂದು 1978ರಲ್ಲಿ ಜನಪ್ರಿಯವಾದ “ಪರಸಂಗದ ಗೆಂಡೆತಿಮ್ಮ” ಆಯಿತು. ಈ ಎರಡರಲ್ಲಿಯೂ ಅಭಿನಯಿಸಿದ ಲೋಕೇಶರು ನಡುವೆ 1974ರಲ್ಲಿ “ಭೂತಯ್ಯನ ಮಗ ಅಯ್ಯು”ವಾಗಿಯೂ ಕಾಣಿಸಿಕೊಂಡರು. “ನಾಗರಹಾವು” ಚಿತ್ರದಿಂದ ನಾಡಿಗೆಲ್ಲ ಪರಿಚಿತರಾದ ವಿಷ್ಣುವರ್ಧನರು ಅದಕ್ಕೆ ಮುಂಚೆ “ವಂಶವೃಕ್ಷ”ದಲ್ಲಿ ಸಣ್ಣ ಪಾತ್ರವೊಂದನ್ನು ವಹಿಸಿದ್ದರು. ಆ “ವಂಶವೃಕ್ಷ”ದ ನಿರ್ಮಾಪಕರು, 1954ರ “ಬೇಡರ ಕಣ್ಣಪ್ಪ”ದ ಕಾಲದಿಂದಲೂ ಚಿತ್ರೋದ್ಯಮದಲ್ಲಿ ಪಳಗಿದ್ದ ಅಯ್ಯರರೇ. ಒಂದೇ ಸಾಹಿತ್ಯದ ನೀರು ಎರಡು ಕಾಲುವೆಗಳಲ್ಲಿ ಹರಿದಿತೆಂಬುದು ಇದರಿಂದ ಸ್ಪಷ್ಟವಾಗುವುದು.

ಇನ್ನು ವಸ್ತುವನ್ನು ನೋಡೋಣ. “ಬಂಗಾರದ ಮನುಷ್ಯ”ವೂ “ಚೋಮನ ದುಡಿ”ಯೂ ಯಾವ ಪಟ್ಟಿಯಲ್ಲಿಯೂ ಒಟ್ಟಿಗೆ ಕುಳಿತುಕೊಳ್ಳುವುದಿಲ್ಲ. ಆದರೆ ಎರಡೂ ನೆಲದ ಕಥೆಗಳು. ಮೊದಲನೆಯದರಲ್ಲಿ ರಾಜೀವನು ಪಟ್ಟಣವನ್ನು ಬಿಟ್ಟು ಹಳ್ಳಿಗೆ ಬಂದು, ಬಂಜರು ನೆಲವನ್ನು ಶ್ರಮದಿಂದ ಹಸನುಮಾಡಿ ಸಂಸಾರವನ್ನು ಎತ್ತಿ ನಿಲ್ಲಿಸುವನು. ಎರಡನೆಯದರಲ್ಲಿ ಚೋಮನಿಗೆ ಎತ್ತಿನ ಜೋಡಿಯುಂಟು, ಉಳುವ ಆಸೆಯುಂಟು, ತೋಳಿನಲ್ಲಿ ಬಲವುಂಟು. ಹುಟ್ಟಿದ ಜಾತಿಯ ಕಾರಣದಿಂದ ಅವನಿಗೆ ನೆಲ ಮಾತ್ರ ದೊರೆಯದು. ಈ ಎರಡು ಚಿತ್ರಗಳ ನಡುವೆ, 1974ರ ಮಾರ್ಚ್ 1ರಂದು, ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದು ಗೇಣಿದಾರರು ಭೂಮಿಯ ಒಡೆಯರಾಗುವ ದಾರಿ ತೆರೆಯಿತು. ಆದರೆ ಚೋಮನು ಗೇಣಿದಾರನಲ್ಲ, ಜೀತದಾಳು. ಜೀತವನ್ನು ರದ್ದುಮಾಡುವ ಕೇಂದ್ರಸರ್ಕಾರದ ಸುಗ್ರೀವಾಜ್ಞೆಯು ಹೊರಟುದು 1975ರಲ್ಲಿ, ಅಂದರೆ ಚಿತ್ರಕ್ಕೆ ಪ್ರಶಸ್ತಿಯನ್ನು ತಂದ ಅದೇ ವರ್ಷದಲ್ಲಿ. ಶಿವರಾಮ ಕಾರಂತರ ಕಾದಂಬರಿಯಾದರೋ 1933ರದು. ದುಡಿದರೆ ನೆಲ ಒಲಿಯುವುದೆಂದು ಒಂದು ಚಿತ್ರವು ಭರವಸೆ ಕೊಟ್ಟಿತು. ಆ ದುಡಿಮೆಯ ಅವಕಾಶವೇ ಇಲ್ಲದವನು ಏನು ಮಾಡಬೇಕೆಂದು ಇನ್ನೊಂದು ಕೇಳಿತು. ಎರಡನ್ನೂ ನೋಡಿದವನಿಗೆ ಆ ಕಾಲದ ಕರ್ನಾಟಕವು ಇಡಿಯಾಗಿ ಕಾಣುವುದು. ಒಂದನ್ನೇ ನೋಡಿದವನಿಗೆ ಅರ್ಧ ಮಾತ್ರ ಕಾಣುವುದು.

ಸ್ತ್ರೀಯರ ಸ್ಥಿತಿಯ ವಿಷಯದಲ್ಲಿಯೂ ಇದೇ ಮಾತು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಪುಟ್ಟಣ್ಣನವರ “ಶರಪಂಜರ” 1971ರದು. ಅದರ ಕಾವೇರಿಯು ಮಾನಸಿಕ ವ್ಯಾಧಿಯಿಂದ ಗುಣವಾಗಿ ಮನೆಗೆ ಹಿಂತಿರುಗಿದರೂ, ಗಂಡನೂ ನೆರೆಹೊರೆಯವರೂ ಅವಳನ್ನು ಹುಚ್ಚಿಯೆಂದೇ ಕಾಣುವರು. “ಘಟಶ್ರಾದ್ಧ”ದ ಯಮುನೆಯು ಎಳೆಯ ವಿಧವೆ; ಅವಳು ಬದುಕಿರುವಾಗಲೇ ತಂದೆಯು ಅವಳಿಗೆ ಶ್ರಾದ್ಧವನ್ನು ಮಾಡುವನು. ಒಂದು ಚಿತ್ರದಲ್ಲಿ ಹಾಡುಗಳೂ ಕಲ್ಪನಾ ಅವರ ಆವೇಶಪೂರ್ಣವಾದ ಅಭಿನಯವೂ ಇವೆ; ಇನ್ನೊಂದರಲ್ಲಿ ಒಬ್ಬ ಬಾಲಕನ ಮೌನವಾದ ನೋಟವಿದೆ. ರೀತಿಯು ಬೇರೆ, ಆದರೆ ಬದುಕಿರುವ ಹೆಣ್ಣನ್ನು ಸತ್ತವಳೆಂದು ಎಣಿಸುವ ಸಮಾಜವನ್ನು ಎರಡೂ ಪ್ರಶ್ನಿಸುವುವು. “ಘಟಶ್ರಾದ್ಧ”ವನ್ನು ಕಾಣದ ಎಷ್ಟೋ ಮನೆಯ ಹೆಂಗಸರು “ಶರಪಂಜರ”ವನ್ನು ಕಂಡು ಕಣ್ಣೀರಿಟ್ಟರು. ಆ ಕಣ್ಣೀರಿಗೆ ತಾರತಮ್ಯದ ಪಟ್ಟಿಯಲ್ಲಿ ಬೆಲೆಯಿಲ್ಲವೆಂದರೆ, ಆ ಪಟ್ಟಿಯನ್ನು ಮಾಡಿದವರ ದೃಷ್ಟಿಯಲ್ಲಿ ಏನೋ ಕೊರತೆಯುಂಟೆಂದೇ ಹೇಳಬೇಕು.

ಹಾಗಾದರೆ ಎಲ್ಲ ಚಿತ್ರಗಳೂ ಸಮಾನವೇ ಎಂದು ವಾಚಕರು ಕೇಳಬಹುದು. ಖಂಡಿತವಾಗಿಯೂ ಅಲ್ಲ. ಅದೇ ದಶಕದಲ್ಲಿ ಹಾಡುಹೊಡೆದಾಟಗಳಲ್ಲಿ ಮುಗಿದುಹೋದ ಚಿತ್ರಗಳೂ ಬಂದುವು. ಗಾಂಭೀರ್ಯವನ್ನು ನಟಿಸಿ ನಿಸ್ಸಾರವಾದ ಚಿತ್ರಗಳೂ ಬಂದುವು. ಗುಣದೋಷಗಳನ್ನು ವಿವೇಚಿಸದೆ ಎಲ್ಲವನ್ನೂ ಹೊಗಳುವುದು ರಸಿಕತೆಯಲ್ಲ. ಮೂಲ ಕಾದಂಬರಿಯ ನಾಯಕನ ಸತ್ತ್ವವು “ನಾಗರಹಾವು” ಚಿತ್ರದಲ್ಲಿ ತಗ್ಗಿತೆಂದು ಸ್ವತಃ ಕಾದಂಬರಿಕಾರರೇ ಅಸಮಾಧಾನಗೊಂಡುದು ಪ್ರಸಿದ್ಧವಾಗಿದೆ. ಅಂತಹ ವಿಮರ್ಶೆಯು ಜನಪ್ರಿಯ ಚಿತ್ರಕ್ಕೂ ಸಲ್ಲಬೇಕು, ಪ್ರಶಸ್ತಿ ಬಂದ ಚಿತ್ರಕ್ಕೂ ಸಲ್ಲಬೇಕು. ಪ್ರತಿಯೊಂದು ಚಿತ್ರವನ್ನೂ ಅದರ ವಸ್ತು, ಅದರ ರೀತಿ, ಅದು ಯಾರನ್ನು ಕುರಿತು ಮಾತಾಡಿತು ಎಂಬುದರಿಂದ ಅಳೆಯಬೇಕಲ್ಲದೆ, ಅದು ಯಾವ ಪಂಕ್ತಿಗೆ ಸೇರಿತು ಎಂಬುದರಿಂದ ಅಳೆಯುವುದು ನ್ಯಾಯವಲ್ಲ.

ಈ ವಿಮರ್ಶೆ ಮುಂದಿನವರಿಗೆ ಸಾಧ್ಯವಾಗಬೇಕಾದರೆ ಚಿತ್ರಗಳು ಉಳಿದಿರಬೇಕು. ಪುಸ್ತಕದ ಪ್ರತಿ ಯಾರ ಕಪಾಟಿನಲ್ಲಾದರೂ ಉಳಿದೀತು. ಫಿಲ್ಮಿನ ಸುರುಳಿ ಹಾಗಲ್ಲ, ಶಾಖಕ್ಕೂ ತೇವಕ್ಕೂ ಕೆಡುವುದು. ಕನ್ನಡದ ಮೊದಲ ವಾಕ್ಚಿತ್ರವಾದ 1934ರ “ಸತಿ ಸುಲೋಚನ”ದ ಪ್ರತಿಯು ಕಳೆದುಹೋಗಿದೆ. ಅದು ಉತ್ತಮವೋ ಅಧಮವೋ ಎಂದು ವಾದಿಸುವ ಭಾಗ್ಯವೂ ನಮಗಿಲ್ಲ. “ಘಟಶ್ರಾದ್ಧ”ದ ಅದೃಷ್ಟ ಒಳ್ಳೆಯದು. ಅದನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದರ ಒಡನಾಡಿಗಳಾದ ಎರಡೂ ಪಂಕ್ತಿಯ ಚಿತ್ರಗಳಿಗೆ ಅಂತಹ ಆರೈಕೆ ದೊರೆಯಬೇಕು. ಯಾವುದು ಮೇಲೆಂಬ ವಾದವು ಮನೆಗಳಲ್ಲಿಯೂ ಸಂಘಗಳಲ್ಲಿಯೂ ನಡೆಯುತ್ತಲೇ ಇರಲಿ. ವಾದಿಸುವ ಉಭಯಪಕ್ಷದವರೂ ಎದುರುಪಕ್ಷದ ಪಟ್ಟಿಯಿಂದ ಒಂದೊಂದು ಚಿತ್ರವನ್ನು ಪೂರ್ತಿಯಾಗಿ ನೋಡಿಬಂದು ಮಾತಿಗೆ ತೊಡಗಿದರೆ, ವಾದವು ಈಗಿರುವುದಕ್ಕಿಂತ ಫಲಪ್ರದವಾಗುವುದರಲ್ಲಿ ಸಂದೇಹವಿಲ್ಲ.