ಆಲ್ವಿಸೋ ತೀರಕ್ಕೆ ಹೂಳು ಸಾಲದೇ? ಒಂದು ಮರುಪರಿಶೀಲನೆ

ಸಾಂಟಾ ಕ್ಲಾರಾ ಕಣಿವೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯನ್ನು ಮುಟ್ಟುವಲ್ಲಿರುವ ಆಲ್ವಿಸೋ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಕಾರಣದ ಬಗ್ಗೆ ವಿವಾದವಿಲ್ಲ: ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದರಿಂದ ಕೊಲ್ಲಿಯಂಚಿನ ನೆಲ 1969ರ ಹೊತ್ತಿಗೆ 2ರಿಂದ 8 ಅಡಿ ಕುಸಿದಿತ್ತು. ಉಪ್ಪಿನಾಗರಗಳ ಮಣ್ಣಿನ ಒಡ್ಡುಗಳೇ ಊರನ್ನು ಕಾಯುತ್ತ ಬಂದವು. ಉತ್ತರ ಕನ್ನಡದ ಸಾಣಿಕಟ್ಟಾದ ಆಗರಗಳನ್ನು ಕಂಡವರಿಗೆ ಇವುಗಳ ರಚನೆ ಹೊಸದಲ್ಲ. 2003ರಲ್ಲಿ ಕಾರ್ಗಿಲ್ ಕಂಪನಿಯ 15,100 ಎಕರೆ ಆಗರ ಸರ್ಕಾರದ ಕೈಸೇರಿತು. ಒಡ್ಡು ಒಡೆದು ಭರತದ ನೀರು ಬಿಟ್ಟು ಜೌಗು ಬೆಳೆಸುವುದು, ಅದರ ಹಿಂಬದಿಗೆ ಗಟ್ಟಿ ಒಡ್ಡು ಕಟ್ಟುವುದು ಈಗಿನ ಕ್ರಮ. ಜೌಗು ಅಲೆಯ ಬಲ ಕುಂದಿಸುತ್ತದೆ ಎಂಬುದರಲ್ಲೂ ಒಮ್ಮತವಿದೆ.

ತಕರಾರು ಇರುವುದು ಹೂಳಿನ ಬಗ್ಗೆ. ಕುಸಿದ ನೆಲ ಏಳಬೇಕಾದರೆ ಭರತ ಹೂಳು ತರಬೇಕು. ಸಿಯೆರಾ ನೆವಾಡಾದ ಚಿನ್ನದ ಗಣಿಗಳ ಕೆಸರು ಕೊಲ್ಲಿಗಿಳಿದ ಬಗೆಯನ್ನು ಭೂವಿಜ್ಞಾನಿ ಗಿಲ್ಬರ್ಟ್ 1917ರಲ್ಲೇ ವಿವರಿಸಿದ್ದರು. ಆ ಸಂಗ್ರಹ ಬರಿದಾಗಿದೆ, 1999ರಲ್ಲಿ ನೀರಿನಲ್ಲಿ ತೇಲುವ ಹೂಳು ಒಮ್ಮೆಲೇ ಶೇ. 36ರಷ್ಟು ಇಳಿಯಿತು ಎಂದು ಸಂಶೋಧಕ ಶೂಲ್‌ಹ್ಯಾಮರ್ 2011ರಲ್ಲಿ ಮಂಡಿಸಿದರು. ಅವರ ಅಳತೆಯನ್ನು ನಾನು ಪ್ರಶ್ನಿಸುವುದಿಲ್ಲ. ಆ ಅಂಕಿಯನ್ನೇ ಹಿಡಿದು ಆಲ್ವಿಸೋದ ಜೌಗು ಬೆಳೆಯಲಾರದು ಎನ್ನುವುದಾದರೆ ಅದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ.

ಕಯೋಟಿ ಕ್ರೀಕ್ ಪಕ್ಕದ ಎ21 ಆಗರದ ಒಡ್ಡನ್ನು ಒಡೆದದ್ದು 2006ರ ಮಾರ್ಚ್‌ನಲ್ಲಿ, ಅಂದರೆ ಆ ಇಳಿಕೆಯ ನಂತರ. ಆದರೂ ಅಲ್ಲಿ ಹೂಳು ಬೇಗನೆ ತುಂಬಿತು, ಕೆಲವೇ ವರ್ಷಗಳಲ್ಲಿ ಜೌಗುಗಿಡ ಹಬ್ಬಿತು. ಕೊಲ್ಲಿಯ ಈ ತುದಿ ಆಳವಿಲ್ಲದ್ದು; ಗಾಳಿ ಮತ್ತು ಭರತ ಕೆಸರುಬಯಲನ್ನು ಕಲಕಿ ಹೂಳೆಬ್ಬಿಸುತ್ತವೆ. ತಗ್ಗು ಹೆಚ್ಚಿದ್ದಷ್ಟೂ ನೀರು ಅದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ಹೊತ್ತು ತಂದದ್ದನ್ನು ಇಳಿಸುತ್ತದೆ. ನೆಲದ ಕುಸಿತವೇ ಮೊದಮೊದಲು ಭರ್ತಿಗೆ ನೆರವಾಗುತ್ತದೆ ಎಂಬುದು ನನ್ನ ವಾದ.

ಈ ವಾದಕ್ಕೆ ಮಿತಿಗಳಿವೆ. ನೆಲ ಏರಿದಂತೆ ಭರ್ತಿಯ ವೇಗ ತಗ್ಗುತ್ತದೆ. ಹಾಗಾಗಿ ಮೊದಲ ವರ್ಷಗಳ ದರವನ್ನು ಮುಂದಿನ ದಶಕಗಳಿಗೆ ಎಳೆಯಬಾರದು. ಎ21 ತೊರೆಯ ಮಗ್ಗುಲಲ್ಲಿದೆ, ಎಲ್ಲ ಆಗರಗಳಿಗೆ ಆ ಅನುಕೂಲವಿಲ್ಲ. ಹಲವು ಒಡ್ಡುಗಳನ್ನು ಒಟ್ಟಿಗೆ ಒಡೆದರೆ ಅವು ಒಂದೇ ಹೂಳಿಗೆ ಪೈಪೋಟಿ ನಡೆಸಬಹುದು, ಹೊರಗಿನ ಕೆಸರುಬಯಲೇ ಸವೆಯಬಹುದು. ಆದ್ದರಿಂದ ನಾನು ಹೇಳಬಲ್ಲದ್ದು ಇಷ್ಟು: ತೊರೆಗೆ ಹತ್ತಿರದ ಆಗರಗಳಿಂದ ಆರಂಭಿಸಿ, ಸಮುದ್ರಮಟ್ಟ ಇನ್ನಷ್ಟು ಏರುವ ಮೊದಲೇ, ಒಂದಾದ ಮೇಲೊಂದರಂತೆ ತೆರೆದರೆ ಈಗಿನ ಹೂಳು ಬಹುಶಃ ಸಾಕಾದೀತು.

ಪಾದರಸದ ಪ್ರಶ್ನೆ ಇದರಿಂದ ಬಗೆಹರಿಯುವುದಿಲ್ಲ. ನ್ಯೂ ಆಲ್ಮಡೆನ್ ಗಣಿಯ ಪಾದರಸ ಗ್ವಾಡಲೂಪೆ ನದಿಯೊಂದಿಗೆ ಬಂದು ಆಲ್ವಿಸೋ ಸ್ಲೂ ಎಂಬ ಕಾಲುವೆಯ ಹಳೆಯ ಕೆಸರಿನಲ್ಲಿ ಸೇರಿದೆ. ಭರತದ ಹರಿವು ಹೆಚ್ಚಿ ಕಾಲುವೆ ಅಗಲವಾದರೆ ಅದು ಮತ್ತೆ ಮೇಲೇಳುತ್ತದೆ. 2011ರಲ್ಲಿ ಎ8 ಆಗರಕ್ಕೆ ಬೇಕಾದಾಗ ಮುಚ್ಚಬಲ್ಲ ಕಿಂಡಿಯ ಮೂಲಕ ನೀರು ಬಿಟ್ಟದ್ದು ಈ ಎಚ್ಚರದಿಂದಲೇ.